ಬೊಳ್ಳಿಗೆ ಭಯ ಕಲಿಸಿದ ಸೇಸಪ್ಪ

ಸೂರ್ಯ ಇನ್ನೂ ಪೂರ್ತಿ ಮೇಲೆದ್ದಿಲ್ಲ. ಮಧ್ಯ ಒಮಾನಿನ ಕಲ್ಲುಹರಳಿನ ಬಯಲಿನಲ್ಲಿ, ಎತ್ತರದ ತಂತಿಬೇಲಿಯೊಂದರ ಒಳಗೆ, ಬಿಳಿಯ ಪ್ರಾಣಿಗಳ ಗುಂಪೊಂದು ಒಣಹುಲ್ಲಿಗೆ ಬಾಯಿ ಹಾಕಿ ನಿಂತಿದೆ. ಕೊಂಬು ಈಗಷ್ಟೇ ನೀಳವಾಗುತ್ತಿರುವ ಎಳೆಯ ಒರಿಕ್ಸ್‌ಗಳು. ರಾತ್ರಿಯ ಮಂಜಿಗೆ ಅವುಗಳ ಬೆನ್ನು ಒದ್ದೆಯಾಗಿದೆ. ಹುಲ್ಲು ಜಗಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಷ್ಟರಲ್ಲಿ ನೀರಿನ ಟ್ಯಾಂಕಿನ ಮರೆಯಿಂದ ಒಬ್ಬರು ನುಗ್ಗಿ ಬರುತ್ತಾರೆ. ಕುತ್ತಿಗೆಯಲ್ಲಿ ಖಾಲಿ ಎಣ್ಣೆ ಡಬ್ಬ, ಕೈಯಲ್ಲಿ ಎರಡು ಕೋಲು. ಹುಲಿವೇಷದ ತಾಸೆ ವಾದ್ಯದ ಪೆಟ್ಟನ್ನೇ ಡಬ್ಬದ ಮೇಲೆ ಬಡಿಯುತ್ತ, ಗಂಟಲು ಹರಿಯುವಂತೆ ಕೂಗುತ್ತ ನೇರ ಗುಂಪಿನ ಮೇಲೇ ಓಡುತ್ತಾರೆ. ಮರಿಗಳು ದಿಕ್ಕಾಪಾಲಾಗುತ್ತವೆ. ಒಂದು ಮುಗ್ಗರಿಸಿ ಬಿದ್ದು, ಎದ್ದು, ಕಣ್ಣು ಬಿಳಿ ಮಾಡಿಕೊಂಡು ಮತ್ತೆ ಓಡುತ್ತದೆ.

ಒರಿಕ್ಸ್ ಸಾಕಣೆಯ ಈ ಕೇಂದ್ರ ನೋಡಲು ಮಸ್ಕತ್‌ನಿಂದ ಬಂದಿದ್ದ ಕುಟುಂಬವೊಂದು ಹಿಂದೊಮ್ಮೆ ಇದೇ ದೃಶ್ಯ ಕಂಡು, ಇಂಥ ಕ್ರೂರಿಯನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕಚೇರಿಯಲ್ಲಿ ದೂರು ಕೊಟ್ಟೇ ಹೋಗಿತ್ತಂತೆ.

ಮರಿಗಳು ದೂರದ ಬೇಲಿಯ ಮೂಲೆ ಸೇರಿದ ಮೇಲೆ ಆ ಮನುಷ್ಯ ನಿಂತು, ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಾರೆ. ಐವತ್ತು ದಾಟಿದ ದೇಹ. ಎಡಗಾಲು ಸ್ವಲ್ಪ ಎಳೆಯುತ್ತದೆ. "ದೂರು ಕೊಟ್ಟದ್ದು ತಪ್ಪಲ್ಲ. ನೋಡಿದವರಿಗೆ ಹಾಗೆಯೇ ಕಾಣುದು" ಎನ್ನುತ್ತಾರೆ ಮುಖ ಒರೆಸಿಕೊಳ್ಳುತ್ತ. "ಇವತ್ತು ಒಳ್ಳೆ ಓಡಿದ್ವು. ಆ ಹಿಂದಿನದ್ದು ಉಂಟಲ್ಲ, ಅದು ಮಾತ್ರ ಇನ್ನೂ ತಿರುಗಿ ತಿರುಗಿ ನೋಡ್ತದೆ. ಅದಕ್ಕೆ ನನ್ನ ಮೇಲೆ ಸಂಶಯ ಸಾಕಾಗ್ಲಿಲ್ಲ."

ಇವರು ಸೇಸಪ್ಪ. ಊರು ಬೆಳ್ತಂಗಡಿಯ ಕಡೆ. ಕೇಂದ್ರದಲ್ಲಿ ಹುಟ್ಟಿ ಬೆಳೆದ ಒರಿಕ್ಸ್‌ಗಳನ್ನು ಮರುಭೂಮಿಗೆ ಬಿಡುವ ಮೊದಲು, ಮನುಷ್ಯನನ್ನು ಕಂಡರೆ ಓಡಬೇಕೆಂದು ಅವಕ್ಕೆ ಕಲಿಸುವುದು ಇವರ ಕೆಲಸ. ಒಂದು ದಿನ ನೀಲಿ ಮೇಲಂಗಿ, ಇನ್ನೊಂದು ದಿನ ಒಮಾನಿಗಳ ಬಿಳಿ ದಿಶ್‌ದಾಶಾ, ಮತ್ತೊಂದು ದಿನ ಲುಂಗಿ. ಯಾವ ಬಟ್ಟೆಯ ಮನುಷ್ಯನೂ ನಂಬಿಕೆಗೆ ಯೋಗ್ಯನಲ್ಲ ಎಂಬುದು ಪಾಠ. ಓಡುವ ಭರದಲ್ಲಿ ಮರಿಗಳು ತಂತಿಗೆ ಬಡಿದುಕೊಳ್ಳದಿರಲೆಂದು ಬೇಲಿಗೆ ಉದ್ದಕ್ಕೂ ಹಸಿರು ಬಟ್ಟೆ ಕಟ್ಟಿದವರೂ ಅವರೇ. ಹುಲ್ಲನ್ನು ಮಾತ್ರ ಅವರು ಎದುರು ನಿಂತು ಹಾಕುವುದಿಲ್ಲ. ಗುಂಪನ್ನು ಬೇರೆ ಆವರಣಕ್ಕೆ ಅಟ್ಟಿದ ಮೇಲೆ ಹಾಕಿ ಮರೆಯಾಗುತ್ತಾರೆ. ಹುಲ್ಲಿನ ಜೊತೆ ಮನುಷ್ಯನ ಮುಖ ನೆನಪಿಗೆ ಬರಬಾರದು.

ಒರಿಕ್ಸ್ ಎಂದರೆ ನೇರವಾದ ಉದ್ದ ಕೊಂಬಿನ, ಬಿಸಿಲಲ್ಲಿ ಕಣ್ಣು ಕುಕ್ಕುವಷ್ಟು ಬಿಳಿಯ ಪ್ರಾಣಿ. ಜಿಂಕೆಯ ಚುರುಕು, ಹೋರಿಯ ಭುಜ. ಒಮಾನಿಗಳು ಮಹಾ ಎನ್ನುತ್ತಾರೆ. ಬೇಟೆಗಾರರ ಕೈಗೆ ಸಿಕ್ಕಿ ಐವತ್ತು ವರ್ಷಗಳ ಹಿಂದೆ ಈ ಬಯಲಿನಿಂದ ಪೂರ್ತಿ ಅಳಿದೇ ಹೋಗಿತ್ತು. ಎಲ್ಲೆಲ್ಲೋ ಸಾಕಿ ಉಳಿಸಿದ್ದವುಗಳ ಸಂತಾನವನ್ನು ತಂದು ಬಿಟ್ಟಿದ್ದರಿಂದ ಮತ್ತೆ ಕಾಣಿಸಿಕೊಂಡಿತು. ಆದರೆ ಬೇಲಿಯೊಳಗೆ ಹುಟ್ಟಿದ ಪ್ರಾಣಿಗೆ ಬೇಲಿಯ ಹೊರಗೆ ಬದುಕುವುದನ್ನು ಯಾರಾದರೂ ಕಲಿಸಬೇಕು.

ಸೇಸಪ್ಪ ಈ ಕೆಲಸಕ್ಕೆಂದು ಒಮಾನಿಗೆ ಬಂದವರಲ್ಲ. ಮೊದಲು ಬಂದದ್ದು ಮಸ್ಕತ್ತಿನ ಹಳೆಯ ಪೇಟೆ ಮತ್ರಾಕ್ಕೆ, ತಲೆಮಾರುಗಳಿಂದ ಅಲ್ಲಿ ನೆಲೆಸಿದ ಗುಜರಾತಿ ಸೇಠರೊಬ್ಬರ ಮೇವಿನ ಗೋದಾಮಿನಲ್ಲಿ ಮೂಟೆ ಹೊರಲು. ಗಲ್ಲಿಯಲ್ಲಿ ಗಾಡಿ ಹೋಗುವುದಿಲ್ಲ, ಎಲ್ಲವೂ ಬೆನ್ನ ಮೇಲೆ. ಅಲ್ಲಿಂದ ರುಸ್ತಾಕ್‌ನ ವೀಸಾ ಕೊಡಿಸಿದ ಕಫೀಲ್ ಒಬ್ಬರ ತೋಟಕ್ಕೆ, ಆಡು ಮತ್ತು ಒಂಟೆ ನೋಡಿಕೊಳ್ಳಲು. ಊರಿನಲ್ಲಿ ದನ ಕಟ್ಟಿದ ಕೈ. ಅಡ್ಡ ಸಿಕ್ಕಿಕೊಂಡ ಮರಿಯನ್ನು ಹೊಟ್ಟೆಯಿಂದ ಹೊರತೆಗೆಯುವುದರಲ್ಲಿ ಆ ಕೈಗೆ ಹೆಸರು ಬಂತು. ಕೇಂದ್ರದ ಪಶುವೈದ್ಯೆ ಡಾ. ಪ್ರಿನ್ಸಿ, ತಬ್ಬಲಿ ಮರಿಗಳಿಗೆ ಹಾಲು ಕೊಡುವ ಆಡು ಕೊಳ್ಳಲು ಆ ತೋಟಕ್ಕೆ ಬಂದವರು, ಆಡಿನ ಜೊತೆ ಆಡಿನವನನ್ನೂ ಕೇಳಿದರು.

ಹೆಂಡತಿ ದಮಯಂತಿ ಮಸ್ಕತ್‌ನ ಅಲ್ ಖುವೈರ್‌ನಲ್ಲಿ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಾರೆ. ಮಗಳು ಸಮೀಕ್ಷಾ ಅಲ್ಲೇ ಶಾಲೆಗೆ ಹೋಗುತ್ತಾಳೆ. ಸೇಸಪ್ಪ ರಜೆಗೆ ಮನೆಗೆ ಹೋದರೆ ಮಗಳು ಮೂಗು ಮುಚ್ಚಿಕೊಂಡು "ಅಪ್ಪಾ, ಯು ಸ್ಮೆಲ್ ಲೈಕ್ ಎ ಗೋಟ್" ಎನ್ನುತ್ತಾಳೆ. ಅಪ್ಪನಿಗೆ ಅದರಲ್ಲೇನೂ ಬೇಸರವಿಲ್ಲ.

ಕೇಂದ್ರಕ್ಕೆ ಬಂದ ಮೊದಲ ವರ್ಷಗಳಲ್ಲಿ ಸೇಸಪ್ಪ ಯಾರನ್ನೂ ಹೆದರಿಸುತ್ತಿರಲಿಲ್ಲ. ಬೆಳಿಗ್ಗೆ ಪಿಕಪ್ಪಿನಲ್ಲಿ ಹುಲ್ಲು ತುಂಬಿಕೊಂಡು ಬಂದು, ಗಾಡಿಯ ಬಾಗಿಲಿಗೆ ಅಂಗೈಯಿಂದ ಎರಡು ತಟ್ಟು ತಟ್ಟಿದರೆ ಸಾಕು, ಇಡೀ ಹಿಂಡು ಗಾಡಿಯ ಸುತ್ತ ನೆರೆಯುತ್ತಿತ್ತು. ಅದನ್ನು ನೋಡಲೆಂದೇ ಕಚೇರಿಯವರು ಚಹಾ ಹಿಡಿದುಕೊಂಡು ಹೊರಗೆ ಬರುತ್ತಿದ್ದರು.

ಆ ಕಾಲದಲ್ಲೇ ಹೆರಿಗೆಯಲ್ಲಿ ತಾಯಿ ಸತ್ತ ಹೆಣ್ಣುಮರಿಯೊಂದು ಸೇಸಪ್ಪನ ಪಾಲಿಗೆ ಬಂತು. ಕೇಂದ್ರದಲ್ಲಿ ಪ್ರಾಣಿಗಳಿಗೆ ಹೆಸರಿಡುವುದಿಲ್ಲ, ಕಿವಿಗೊಂದು ಬಿಲ್ಲೆ ಹಾಕುತ್ತಾರೆ, ಅಷ್ಟೆ. ಸೇಸಪ್ಪ ಮಾತ್ರ ಅದನ್ನು ಬೊಳ್ಳಿ ಎಂದರು. ತುಳುವಿನಲ್ಲಿ ಬೆಳ್ಳಿ ಎಂದರ್ಥ, ಊರಿನಲ್ಲಿ ಬಿಳಿ ದನಕ್ಕೆ ಇಡುವ ಹೆಸರು. ಆಡಿನ ಹಾಲನ್ನು ಬಾಟಲಿಗೆ ತುಂಬಿ, ಎದೆಗೆ ಒತ್ತಿಕೊಂಡು ಕುಡಿಸಿದರು. ಮರಿ ಬಲಿತ ಮೇಲೂ "ಬಲ ಬೊಳ್ಳಿ, ಬಲ" ಎಂದು ಕರೆದರೆ ಎಲ್ಲಿದ್ದರೂ ಬಂದು ಅವರ ತೊಡೆಗೆ ಹಣೆ ತಿಕ್ಕುತ್ತಿತ್ತು. ದಮಯಂತಿ ಫೋನಿನಲ್ಲಿ ಮಗಳ ವಿಷಯ ಹೇಳಿ ಮುಗಿಸಿ, "ಅವಳು ಹೇಗಿದ್ದಾಳೆ" ಎಂದು ಕೇಳುತ್ತಿದ್ದರು.

ಆ ಚಳಿಗಾಲ ದೊಡ್ಡ ಪ್ರಾಣಿಗಳ ಒಂದು ಗುಂಪನ್ನು ಬೇಲಿಯಾಚೆ ಬಿಟ್ಟರು, ಬೊಳ್ಳಿ ಒಳಗೇ ಉಳಿಯಿತು. ಬಾಗಿಲು ತೆರೆದ ದಿನ ಸೇಸಪ್ಪ ಹಳೆಯ ಅಂಗಿ ಬದಲಿಸಿ ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದರಂತೆ. ಗುಂಪು ಸ್ವಲ್ಪ ದೂರ ಹೋಗಿ ನಿಂತು, ಹಿಂತಿರುಗಿ ನೋಡಿ, ಆಮೇಲೆ ನಡೆದುಕೊಂಡು ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕೆಲವೇ ವಾರ. ಒಂದು ಬೆಳಿಗ್ಗೆ ಗಸ್ತಿನ ಹಕೀಂ ವೈರ್‌ಲೆಸ್‌ನಲ್ಲಿ ಕರೆದರು. ಹಕೀಂ ಇದೇ ಬಯಲಿನ ಒಂಟೆ ಸಾಕುವ ಮನೆತನದವರು, ನೆಲ ನೋಡಿ ಕಥೆ ಹೇಳುವವರು. ಸೇಸಪ್ಪ ಮತ್ತು ಡಾ. ಪ್ರಿನ್ಸಿ ಹೋಗಿ ನೋಡಿದಾಗ ತಗ್ಗಿನಲ್ಲಿ ಹೆಣ್ಣು ಒರಿಕ್ಸ್ ಒಂದು ಬಿದ್ದಿತ್ತು. ನಾಲ್ಕೂ ಕಾಲು ಹಗ್ಗದಿಂದ ಬಿಗಿದಿತ್ತು. ಗಬ್ಬದ ಹೊಟ್ಟೆ. ಜೀವಂತ ಹಿಡಿದು ಮಾರುವವರು ಗಾಡಿಗೆ ಹೇರಿ, ಸೆಕೆಗೆ, ಹೆದರಿಕೆಗೆ ಅದು ಸತ್ತ ಮೇಲೆ ಎಸೆದು ಹೋಗಿದ್ದರು. ಜೊತೆಯ ಇನ್ನೆರಡು ಇರಲೇ ಇಲ್ಲ.

ಸೇಸಪ್ಪ ಹಗ್ಗ ಬಿಚ್ಚಲು ಕೂತರು. ಗಂಟು ಬಿಚ್ಚಲಾಗಲಿಲ್ಲ. ಆಗ ಹಕೀಂ ಅವರ ಭುಜ ಮುಟ್ಟಿ, ಹಿಂದಿ ಅರಬಿ ಬೆರೆಸಿದ ಮಾತಿನಲ್ಲಿ, "ಇಲ್ಲಿ ಬಾ, ಇದನ್ನು ನೋಡು" ಎಂದು ಸ್ವಲ್ಪ ದೂರ ಕರೆದೊಯ್ದರು. ನೆಲದ ಮೇಲೆ ಪಿಕಪ್ಪಿನ ಟಯರಿನ ಗುರುತು ಬಂದು ನಿಂತಿತ್ತು. ಅದರತ್ತ ಸಾಗಿದ್ದ ಗೊರಸಿನ ಗುರುತುಗಳು ಸಮಾನ ಅಂತರದಲ್ಲಿ, ಆಳವಾಗದೆ, ಚದುರದೆ ಇದ್ದವು.

"ಓಡಿಲ್ಲ" ಎಂದರು ಹಕೀಂ. "ಗಾಡಿ ಇವನ್ನು ಅಟ್ಟಿಸಿಕೊಂಡು ಹೋಗಿಲ್ಲ. ಇವೇ ಗಾಡಿಯ ಹತ್ತಿರ ನಡೆದು ಬಂದಿವೆ."

ಆ ಕ್ಷಣವನ್ನು ಹೇಳುವಾಗ ಸೇಸಪ್ಪ ಇಂದಿಗೂ ಮುಖ ಎತ್ತುವುದಿಲ್ಲ. "ಪಿಕಪ್ಪು ಕಂಡಿತು, ಹುಲ್ಲು ತಂದ್ರು ಅಂತ ಬಂದದ್ದು ಅವು. ಬಾಗಿಲಿಗೆ ಯಾರಾದ್ರೂ ತಟ್ಟಿರ್ಲಿಕ್ಕೂ ಸಾಕು. ಕದ್ದವರಿಗೆ ಕಷ್ಟವೇ ಆಗ್ಲಿಲ್ಲ ಮಾರಾಯ್ರೆ. ನಮ್ಮ ಸಾಕಣೆಯೇ ಅವರ ಕೈಗೆ ಹಿಡಿದು ಕೊಟ್ಟಿತು." ಕದ್ದವರು ಸಿಗಲಿಲ್ಲ. ಹೊರಗಿದ್ದ ಉಳಿದ ಪ್ರಾಣಿಗಳನ್ನು ಕೇಂದ್ರಕ್ಕೆ ವಾಪಸು ತರಬೇಕಾಯಿತು. ಪಿಕಪ್ ನಿಲ್ಲಿಸಿ ಬಾಗಿಲು ತಟ್ಟಿದ್ದೇ ತಡ, ಅವು ತಾವಾಗಿ ಹಿಂದೆ ಬಂದವು. ಗಾಡಿ ಓಡಿಸುತ್ತಿದ್ದ ಸೇಸಪ್ಪ ದಾರಿಯುದ್ದ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದರು.

ಕೆಲವು ದಿನ ಬಿಟ್ಟು ಡಾ. ಪ್ರಿನ್ಸಿ ಅವರನ್ನು ಕೂರಿಸಿಕೊಂಡು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಚೀನಾದಲ್ಲಿ, ಬೋನಿನಲ್ಲಿ ಹುಟ್ಟಿದ ಪಾಂಡಾ ಮರಿಗಳನ್ನು ಕಾಡಿಗೆ ಕಳಿಸಲು ತಯಾರು ಮಾಡುವವರು ತಾವೇ ಪಾಂಡಾದ ವೇಷ ತೊಟ್ಟುಕೊಳ್ಳುತ್ತಾರೆ. ಮನುಷ್ಯರ ವಾಸನೆ ಬಾರದಿರಲೆಂದು ಆ ಬಟ್ಟೆಗೆ ಪಾಂಡಾದ ಮೂತ್ರ ಬಳಿಯುತ್ತಾರೆ. ಮರಿಗಳು ಮನುಷ್ಯನ ಮುಖವನ್ನೇ ನೋಡದೆ ಬೆಳೆಯಬೇಕು.

ಸೇಸಪ್ಪ ಹರೆಯದಲ್ಲಿ ಮಂಗಳೂರು ದಸರೆಗೆ ಹುಲಿವೇಷದ ತಂಡದಲ್ಲಿ ತಾಸೆ ಬಡಿದವರು. "ವೇಷ ನನಗೆ ಹೊಸತಲ್ಲ ಡಾಕ್ಟ್ರೆ. ಒರಿಕ್ಸಿನ ವೇಷ ಹೊಲಿಸಿ ಕೊಡಿ, ಮೂತ್ರವೂ ಬಳ್ಕೊಳ್ತೇನೆ" ಎಂದರು.

"ಇನ್ನು ಹುಟ್ಟುವ ಮರಿಗಳಿಗೆ ಹುಲ್ಲು ಹಾಕುವಾಗ ನಾವು ಯಾರೂ ಕಾಣಿಸಿಕೊಳ್ಳುವುದೇ ಬೇಡ, ಸೇಸಪ್ಪ ಚೇಟ್ಟಾ" ಎಂದರು ಕೇರಳದ ಪ್ರಿನ್ಸಿ. "ಆದರೆ ಈಗಾಗಲೇ ಇರುವವಕ್ಕೆ ನಿಮ್ಮ ಮುಖ ಗೊತ್ತಾಗಿಬಿಟ್ಟಿದೆ. ವೇಷದಿಂದ ಪ್ರಯೋಜನ ಇಲ್ಲ. ಅದೇ ಮುಖ ಕಂಡು ಅವು ಓಡಬೇಕು."

"ಬೇರೆ ಯಾರಿಗಾದ್ರೂ ಹೇಳಿ."

"ಬೇರೆಯವರಿಗೆ ಹೆದರಿದರೆ ಏನು ಬಂತು? ನಿಮಗೇ ಹೆದರಿದರೆ ಮಾತ್ರ ಎಲ್ಲರಿಗೂ ಹೆದರುತ್ತವೆ."

ಸೇಸಪ್ಪ ಎದ್ದು ಹೋದರು. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಕೆಲಸ ಬಿಟ್ಟು ರುಸ್ತಾಕ್‌ಗೆ ಹೋಗುವ ಯೋಚನೆಯೂ ಬಂದಿತ್ತಂತೆ. ಆಮೇಲೆ ಒಂದು ಬೆಳಿಗ್ಗೆ ಮೆಸ್ಸಿನ ಹಿಂದೆ ಬಿದ್ದಿದ್ದ ಎಣ್ಣೆ ಡಬ್ಬಕ್ಕೆ ಹಗ್ಗ ಕಟ್ಟಿ ಕುತ್ತಿಗೆಗೆ ಹಾಕಿಕೊಂಡರು.

ಉಳಿದ ಪ್ರಾಣಿಗಳು ಬೇಗ ಕಲಿತವು. ಬೊಳ್ಳಿ ಕಲಿಯಲಿಲ್ಲ. ಡಬ್ಬದ ಸದ್ದಿಗೆ ಎಲ್ಲವೂ ಓಡಿದರೆ ಅದೊಂದು ಸದ್ದಿನ ಕಡೆಗೇ ಬರುತ್ತಿತ್ತು. ನೀರು ಹಾರಿಸಿದರೆ ಆಟವೆಂದುಕೊಂಡು ಕುಣಿಯುತ್ತಿತ್ತು. ಬಾಟಲಿಯಲ್ಲಿ ಬೆಳೆದದ್ದು ಹೊರಗೆ ಬದುಕಲಾರದು, ಇಲ್ಲೇ ಇರಲಿ ಎಂದರು ಪ್ರಿನ್ಸಿ. ಸೇಸಪ್ಪನಿಗೂ ಒಳಗೊಳಗೆ ಸಂತೋಷವೇ ಆಯಿತು. ಆದರೆ ಮುಂದಿನ ಗುಂಪು ಹೊರಟ ದಿನ ಬೊಳ್ಳಿ ಬೇಲಿಯ ಗುಂಟ ಅತ್ತಿಂದಿತ್ತ ಓಡಿ, ಸಂಜೆಯವರೆಗೂ ತಂತಿಗೆ ಹಣೆ ಒತ್ತಿ ಅವು ಹೋದ ದಿಕ್ಕನ್ನೇ ನೋಡುತ್ತ ನಿಂತಿತು. ಕರೆದರೆ, ಅದೇ ಮೊದಲ ಬಾರಿಗೆ, ಬರಲಿಲ್ಲ.

ಮರುದಿನ ಸೇಸಪ್ಪ ಖರ್ಜೂರದ ಗೊನೆಯ ಒಣದಂಟು ಹಿಡಿದುಕೊಂಡು ಒಳಗೆ ಹೋದರು. ಬೊಳ್ಳಿ ಎಂದಿನಂತೆ ಬಂದು ತೊಡೆಗೆ ಹಣೆ ಇಟ್ಟಿತು. ಅವರು ಹೊಡೆದರು. ಅದು ಒಂದು ಹೆಜ್ಜೆ ಹಿಂದೆ ಹೋಗಿ ಅವರನ್ನೇ ನೋಡಿ, ಮತ್ತೆ ಬಂತು. ಮತ್ತೆ ಹೊಡೆದರು, ಈ ಸಲ ಮೂತಿಗೆ. ಬೊಳ್ಳಿ ಅಲ್ಲೇ ನಿಂತುಬಿಟ್ಟಿತು. ಓಡಲೂ ಇಲ್ಲ, ಹತ್ತಿರ ಬರಲೂ ಇಲ್ಲ. ಸೇಸಪ್ಪ ಒಂದು ಹಿಡಿ ಹರಳು ಬಾಚಿ ಮುಖಕ್ಕೆ ಎರಚಿದಾಗ ಅದರ ಗಂಟಲಿನಿಂದ ಎಂದೂ ಕೇಳದಂಥ ಒಂದು ಸ್ವರ ಹೊರಟಿತು. ಆಮೇಲೆ ಅದು ಓಡಿತು. ಬೇಲಿಯ ಆ ತುದಿಗೆ ಹೋಗಿ, ಮೈ ನಡುಗಿಸುತ್ತ ನಿಂತುಕೊಂಡಿತು.

"ಆಚೆ ಡಾಕ್ಟ್ರು ನಿಂತಿದ್ರು. ಅವರೂ ಬಾಯಿಗೆ ಕೈ ಇಟ್ಕೊಂಡಿದ್ರು. ಹೆದರಿಸಿ ಅಂತ ಹೇಳಿದ್ದು ಅವರೇ. ಆದ್ರೆ ಇಷ್ಟು ಮಾಡ್ತೇನೆ ಅಂತ ಅವರಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ" ಎನ್ನುತ್ತಾರೆ ಸೇಸಪ್ಪ.

ಫೋನಿನಲ್ಲಿ ವಿಷಯ ಕೇಳಿದ ದಮಯಂತಿ, "ಹಾಲು ಕುಡಿಸಿದ ಕೈಯಲ್ಲೇ ಹೊಡೆದ್ರಾ ನೀವು" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಆ ವಾರವಿಡೀ ಗಂಡನ ಕರೆ ತೆಗೆಯಲಿಲ್ಲ. "ನನಗೆ ಇವರು ಬೇರೆಯೇ ಯಾರೋ ಅಂತ ಅನಿಸಿತು" ಎಂದು ದಮಯಂತಿ ಈಗ ಹೇಳುತ್ತಾರೆ. "ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಬೆಕ್ಕಿಗೆ ಹೊಡೆದದ್ದು ನೋಡಿದವಳಲ್ಲ ನಾನು." ಅತ್ತ ಸೇಸಪ್ಪ ದಿನವೂ ಅದೇ ದಂಟು ಹಿಡಿದು ಒಳಗೆ ಹೋಗುತ್ತಿದ್ದರು. ಮತ್ತೆ ಹೊಡೆಯುವ ಪ್ರಸಂಗ ಬರಲಿಲ್ಲ. ಅವರ ನೆರಳು ಕಂಡರೆ ಬೊಳ್ಳಿ ಓಡುತ್ತಿತ್ತು.

ಮುಂದಿನ ಚಳಿಗಾಲ ಕುತ್ತಿಗೆಗೆ ರೇಡಿಯೊ ಪಟ್ಟಿ ಕಟ್ಟಿ ಬೊಳ್ಳಿಯನ್ನೂ ಗುಂಪಿನ ಜೊತೆ ಬಿಟ್ಟರು. ಬಾಗಿಲು ತೆರೆಯುವಾಗ ಸೇಸಪ್ಪ ಅಲ್ಲಿರಲಿಲ್ಲ. ತಾನು ಕಂಡರೆ ಗುಂಪು ಬೆದರಿ ಅಡ್ಡಾದಿಡ್ಡಿ ಓಡೀತೆಂದು ಮೆಸ್ಸಿನಲ್ಲಿ ಈರುಳ್ಳಿ ಹೆಚ್ಚುತ್ತ ಕುಳಿತಿದ್ದರು.

ಒಂದು ವರ್ಷ ಎಲ್ಲ ಸರಿಯಿತ್ತು. ಆಮೇಲೊಮ್ಮೆ ಬೊಳ್ಳಿಯ ಸಂಕೇತ ದಿನಗಟ್ಟಲೆ ಒಂದೇ ಕಡೆಯಿಂದ ಬರತೊಡಗಿತು. ಉಳಿದ ಗುಂಪು ಮುಂದೆ ಹೋಗಿತ್ತು. ಸತ್ತಿದೆ ಅಥವಾ ಕಾಲು ಮುರಿದಿದೆ ಎಂದೇ ಎಲ್ಲರೂ ಅಂದುಕೊಂಡರು. ಮತ್ತೊಂದು ಹಗ್ಗ, ಮತ್ತೊಂದು ಪಿಕಪ್ ಸೇಸಪ್ಪನ ಕಣ್ಣಮುಂದೆ ಬಂತು. ಹಕೀಂ ಜೊತೆ ಹೋದರು. ದೂರದಲ್ಲಿ ಒಂಟಿ ಜಾಲಿ ಮರದ ಕೆಳಗೆ ಬಿಳಿಯ ಆಕೃತಿಯೊಂದು ಮಲಗಿತ್ತು, ಅಲುಗಾಡುತ್ತಿರಲಿಲ್ಲ.

ಗಾಡಿಯಿಂದ ಇಳಿಯಬಾರದು ಎಂಬುದು ನಿಯಮ. ಸೇಸಪ್ಪ ಇಳಿದರು. ಹಕೀಂ "ಖಲಾಸ್, ವಾಪಸ್ ಆವೋ" ಎನ್ನುತ್ತಿದ್ದರೂ ನಡೆದರು. ಕಲ್ಲೆಸೆತದಷ್ಟು ಹತ್ತಿರ ಬಂದಾಗ ಬೊಳ್ಳಿ ಎದ್ದು ನಿಂತಿತು. ನಾಲ್ಕೂ ಕಾಲು ಗಟ್ಟಿಯಾಗಿದ್ದವು. ಜೀವ ಬಂದಂತಾಯಿತು ಸೇಸಪ್ಪನಿಗೆ. ಇನ್ನು ಓಡುತ್ತದೆ ಎಂದುಕೊಂಡರು. ಅದು ಓಡಲಿಲ್ಲ. ಅವರನ್ನೇ ದಿಟ್ಟಿಸಿತು. ಗುರುತು ಹಿಡಿಯಿತೇನೋ ಎಂದು ಅವರ ಬಾಯಿಂದ ಹಳೆಯ ಮಾತು ಹೊರಟೇಬಿಟ್ಟಿತು. "ಬೊಳ್ಳೀ."

ತಲೆ ತಗ್ಗಿಸಿದ್ದಷ್ಟೇ ಅವರಿಗೆ ಕಂಡದ್ದು. ಮರುಕ್ಷಣ ಎಡ ತೊಡೆಯೊಳಗೆ ಕೊಂಬು ಹೊಕ್ಕಿತ್ತು. ಮೇಲಕ್ಕೆತ್ತಿ ಎಸೆದ ರಭಸಕ್ಕೆ ಸೇಸಪ್ಪ ಅಂಗಾತ ಬಿದ್ದರು. ಬಿದ್ದಲ್ಲಿಂದ ನೋಡಿದರೆ, ಬೊಳ್ಳಿ ಅವರಿಗೂ ಮರದ ಬುಡದ ಪೊದೆಗೂ ನಡುವೆ ಕೊಂಬು ಇಳಿಸಿ ನಿಂತಿತ್ತು. ಅದರ ಹಿಂದೆ ಮಣ್ಣಿನದೇ ಬಣ್ಣದ, ಕೋಲುಕಾಲಿನ ಕರುವೊಂದು ತಡವರಿಸುತ್ತ ಎದ್ದು ನಿಲ್ಲುತ್ತಿತ್ತು. ಹೆತ್ತ ತಾಯಿ ಹಿಂಡು ಬಿಟ್ಟು ಕರುವನ್ನು ಅಡಗಿಸಿಟ್ಟು ಕಾಯುತ್ತಿತ್ತು.

ಹಕೀಂ ಹಾರ್ನ್ ಒತ್ತುತ್ತ ಗಾಡಿಯನ್ನು ನುಗ್ಗಿಸಿದರು. ಬೊಳ್ಳಿ ಕರುವನ್ನು ಮುಂದೆ ಮಾಡಿಕೊಂಡು ಸರಿಯಿತು. ತಲೆಗೆ ಸುತ್ತಿದ್ದ ಮಸ್ಸರ್ ಬಿಚ್ಚಿ ಹಕೀಂ ತೊಡೆಗೆ ಬಿಗಿಯುವಷ್ಟರಲ್ಲಿ ಅದು ನೆನೆದು ಕೆಂಪಾಗಿತ್ತು. ಆಸ್ಪತ್ರೆಯ ದಾರಿಯುದ್ದ ಸೇಸಪ್ಪ ನಗುತ್ತಿದ್ದರು. ಪೆಟ್ಟಿನಿಂದ ತಲೆ ಕೆಟ್ಟಿತೆಂದು ಹೆದರಿ ಹಕೀಂ ಗಾಡಿಯನ್ನು ಇನ್ನೂ ಜೋರಾಗಿ ಓಡಿಸಿದರು.

"ನಾನು ಕಲಿಸಿದ್ದು ಓಡ್ಲಿಕ್ಕೆ ಮಾತ್ರ" ಎನ್ನುತ್ತಾರೆ ಸೇಸಪ್ಪ. "ತಿರುಗಿ ನಿಲ್ಲುದನ್ನು ನಾನು ಕಲಿಸ್ಲಿಲ್ಲ. ಅದು ಅವಳದ್ದೇ."

ಅಲ್ ಖುವೈರ್‌ನಿಂದ ರಾತ್ರೋರಾತ್ರಿ ಬಂದ ದಮಯಂತಿ, ಬ್ಯಾಂಡೇಜು ಸುತ್ತಿದ ಕಾಲು ನೋಡಿ ಮೊದಲು ಅತ್ತರು. ಆಮೇಲೆ ಕರು ಹೆಣ್ಣೋ ಗಂಡೋ ಎಂದು ಕೇಳಿದರು. ಇನ್ನು ಮಸ್ಕತ್‌ನಲ್ಲೇ ಏನಾದರೂ ಕೆಲಸ ನೋಡಿ ಎಂದು ಅವರು ಹಟ ಹಿಡಿದದ್ದೂ ಉಂಟು. ಸೇಸಪ್ಪ ಕಾಲು ಊರಲು ಬಂದ ಕೂಡಲೇ ಬಯಲಿಗೆ ಮರಳಿದರು. ಈಗ ಓಡುವುದು ಕಷ್ಟ, ಕೂಗು ಮಾತ್ರ ಮೊದಲಿಗಿಂತ ಜೋರಾಗಿದೆ.

ಈ ವರ್ಷ ಬೊಳ್ಳಿಯ ಕುತ್ತಿಗೆಯ ಪಟ್ಟಿ ಅವಧಿ ಮುಗಿದು ತಾನಾಗಿ ಕಳಚಿ ಬಿತ್ತು. ಹಕೀಂಗೆ ಸಿಕ್ಕಿದ್ದು ಬರೀ ಪಟ್ಟಿ. ತಾಯಿ, ಕರು ಎಲ್ಲಿವೆಯೆಂದು ಈಗ ಕೇಂದ್ರದಲ್ಲಿ ಯಾರಿಗೂ ಗೊತ್ತಿಲ್ಲ. ರಜೆಗೆ ಮನೆಗೆ ಬಂದ ಗಂಡನಿಗೆ ಮೊನ್ನೆ ಊಟ ಬಡಿಸುತ್ತ ದಮಯಂತಿ, "ಹಕೀಂ ಗೊರಸಿನ ಗುರುತು ನೋಡಿ ಹುಡುಕಿ ಕೊಡ್ತಾರೆ, ಅವರನ್ನು ಕರ್ಕೊಂಡು ಒಮ್ಮೆ ಹೋಗಿ ನೋಡಿ ಬನ್ನಿ. ದೂರದಿಂದಲೇ ಸಾಕು. ನಿಮ್ಮ ಮನಸ್ಸಿಗೂ ಒಂದು ಸಮಾಧಾನ" ಎಂದರು.

ಸೇಸಪ್ಪ ಅನ್ನ ಕಲಸುತ್ತ, "ಬೇಡ" ಎಂದರು. "ನಾವು ಹೋದ್ರೆ ಗಾಡಿಯ ಗುರುತು ಬೀಳ್ತದೆ. ಅಲ್ಲಿ ಒಮ್ಮೆ ಬಿದ್ದ ಗುರುತು ವರ್ಷಗಟ್ಟಲೆ ಅಳಿಯುದಿಲ್ಲ. ನಮ್ಮದನ್ನು ಹಿಡ್ಕೊಂಡು ಬೇರೆಯವರೂ ಬರ್ತಾರೆ. ಅವಳಿದ್ದಲ್ಲಿಗೆ ದಾರಿ ಮಾಡಿ ಕೊಡುವವ ನಾನಾಗುದು ಬೇಡ."